ತೊಟ್ಟಿಯ ಅಳತೆಯಲ್ಲಿ ಒಂದು ದಿನ
(ಗ್ರಾಮಸ್ಥರ ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಅಮೆರಿಕದ ಅರಿಝೋನಾ ರಾಜ್ಯದ ಪಶ್ಚಿಮ ಅಂಚಿನಲ್ಲಿ, ಕೊಲರಾಡೋ ನದಿಯಿಂದ ಸುಮಾರು 30 ಕಿಲೋಮೀಟರ್ ದೂರದಲ್ಲಿ, ಕ್ವಾರ್ಟ್ಸ್‌ಸೈಟ್ ಎಂಬ ಪುಟ್ಟ ಊರಿದೆ. 2020ರ ಜನಗಣತಿಯಲ್ಲಿ ಅದರ ಜನಸಂಖ್ಯೆ ಎರಡೂವರೆ ಸಾವಿರವನ್ನೂ ಮುಟ್ಟಲಿಲ್ಲ. ಬೇಸಿಗೆಯಲ್ಲಿ 40 ಡಿಗ್ರಿ ಸೆಲ್ಸಿಯಸ್ ದಾಟುವ ಬಿಸಿಲಿನ ಮರುಭೂಮಿ ಅದು. ಆದರೆ ಚಳಿಗಾಲ ಬಂದೊಡನೆ ಉತ್ತರದ ರಾಜ್ಯಗಳಿಂದಲೂ ಕೆನಡಾದಿಂದಲೂ ಸಾವಿರಾರು ಮನೆವಾಹನಗಳು ಅಲ್ಲಿಗೆ ಬಂದು ಬೀಡುಬಿಡುತ್ತವೆ. ಬರುವವರಲ್ಲಿ ಬಹುಪಾಲು ಜನ ನಿವೃತ್ತರು. ಹಿಮದಿಂದ ತಪ್ಪಿಸಿಕೊಂಡು ದಕ್ಷಿಣಕ್ಕೆ ಬರುವ ಇವರಿಗೆ ಆ ದೇಶದಲ್ಲಿ ‘ಹಿಮಹಕ್ಕಿಗಳು’ ಎಂಬ ಅರ್ಥದ ಹೆಸರಿದೆ.

ಅಮೆರಿಕದವರು ‘ಆರ್‌ವಿ’ ಎಂದು ಕರೆಯುವ ಈ ಮನೆವಾಹನ ಬಸ್ಸಿನಂತೆ ತಾನೇ ಓಡುವುದಾಗಿರಬಹುದು, ಇನ್ನೊಂದು ವಾಹನದ ಹಿಂದೆ ಕಟ್ಟಿ ಎಳೆಯುವುದಾಗಿರಬಹುದು. ಒಲೆ, ಹಾಸಿಗೆ, ಶೌಚಾಲಯ ಎಲ್ಲವೂ ಅದರೊಳಗೇ ಇರುತ್ತವೆ. ಕ್ವಾರ್ಟ್ಸ್‌ಸೈಟಿನ ದಕ್ಷಿಣಕ್ಕಿರುವ ಲಾ ಪೋಸಾ ಬಯಲು ಸರ್ಕಾರಿ ಭೂಮಿ. ಅಲ್ಲಿಯ ಕೇಂದ್ರ ಸರ್ಕಾರದ ಭೂನಿರ್ವಹಣಾ ಇಲಾಖೆ 1983ರಲ್ಲಿ ದೀರ್ಘಾವಧಿ ತಂಗುದಾಣಗಳ ವ್ಯವಸ್ಥೆಯನ್ನು ಆರಂಭಿಸಿತು. ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗೆ ಪರವಾನಗಿ ಪಡೆದವರು ಅಲ್ಲಿ ನೆಲೆಸಬಹುದು. ಚಳಿಗಾಲದ ಅತಿಥಿಗಳಿಗೆ ಜಾಗ ಕೊಡುವುದು ಮತ್ತು ಉಳಿದ ಮರುಭೂಮಿಯನ್ನು ವಾಹನಗಳ ತುಳಿತದಿಂದ ಕಾಪಾಡುವುದು, ಇವೆರಡೂ ಅದರ ಉದ್ದೇಶ.

ಅಂಥ ವಾಹನವೊಂದರಲ್ಲಿ ವಾಸಿಸುವ ವೃದ್ಧ ದಂಪತಿಗಳ ದಿನಚರಿಯನ್ನು ಗಮನಿಸಿರಿ. ಜನವರಿಯ ಬೆಳಗು ತಣ್ಣಗಿರುತ್ತದೆ. ಎದ್ದವರು ಮೊದಲು ನೋಡುವುದು ಗೋಡೆಯ ಮೇಲಿನ ಸೂಚಕ ಫಲಕವನ್ನು. ಬ್ಯಾಟರಿಯಲ್ಲಿ ಎಷ್ಟು ವಿದ್ಯುತ್ ಉಳಿದಿದೆ, ತೊಟ್ಟಿಯಲ್ಲಿ ಎಷ್ಟು ನೀರಿದೆ ಎಂಬುದನ್ನು ಅದು ತಿಳಿಸುತ್ತದೆ. ವಾಹನದಲ್ಲಿ ತೊಟ್ಟಿಗಳು ಮೂರು. ಒಂದರಲ್ಲಿ ಬಳಕೆಯ ಶುದ್ಧ ನೀರು. ಎರಡನೆಯದರಲ್ಲಿ ಪಾತ್ರೆ ತೊಳೆದ, ಸ್ನಾನ ಮಾಡಿದ ನೀರು. ಮೂರನೆಯದರಲ್ಲಿ ಶೌಚದ ನೀರು. ಶುದ್ಧ ನೀರಿನ ತೊಟ್ಟಿ 150 ಲೀಟರಿನದಾದರೆ, ಅದನ್ನು ಹತ್ತು ದಿನ ಬಾಳಿಸಬೇಕೆಂದಾಗ ಇಬ್ಬರಿಗೂ ಸೇರಿ ದಿನಕ್ಕೆ ದೊರೆಯುವುದು 15 ಲೀಟರ್ ಮಾತ್ರ. ಭಾರತದ ಜಲಜೀವನ್ ಯೋಜನೆ ಹಳ್ಳಿಯ ಒಬ್ಬ ವ್ಯಕ್ತಿಗೆ ದಿನಕ್ಕೆ ನಿಗದಿಪಡಿಸಿದ ಪ್ರಮಾಣವೇ 55 ಲೀಟರ್ ಎಂಬುದನ್ನು ನೆನೆದರೆ ಈ ಮಿತಿಯ ಬಿಗಿ ಅರ್ಥವಾಗುತ್ತದೆ. ಆದ್ದರಿಂದ ಮೈ ನೆನೆಸಿ ನಲ್ಲಿ ನಿಲ್ಲಿಸುತ್ತಾರೆ, ಸೋಪು ಹಚ್ಚಿದ ಮೇಲೆ ಮತ್ತೆ ತಿರುಗಿಸುತ್ತಾರೆ. ತಟ್ಟೆಯನ್ನು ಕಾಗದದಿಂದ ಒರೆಸಿ ಅನಂತರ ತೊಳೆಯುತ್ತಾರೆ.

ಬಿಸಿಲೇರಿದಂತೆ ಛಾವಣಿಯ ಸೌರಫಲಕ ಬ್ಯಾಟರಿಯನ್ನು ತುಂಬತೊಡಗುತ್ತದೆ. 200 ವಾಟ್‌ನ ಫಲಕ ಚಳಿಗಾಲದ ಒಂದು ದಿನದಲ್ಲಿ ಮುಕ್ಕಾಲು ಯೂನಿಟ್ ಕೊಟ್ಟರೆ ಹೆಚ್ಚು. ದೀಪ, ನೀರಿನ ಪಂಪು, ದೂರವಾಣಿಗಳಿಗೆ ಅಷ್ಟು ಸಾಕು. 2,000 ವಾಟ್‌ನ ವಿದ್ಯುತ್ ಒಲೆಯಾದರೋ ಅದನ್ನು ಅರ್ಧ ಗಂಟೆಯೊಳಗೆ ಮುಗಿಸಿಬಿಡುತ್ತದೆ. ಹೀಗಾಗಿ ಅಡುಗೆ ಅನಿಲದ ಮೇಲೆ ನಡೆಯುತ್ತದೆ. ವಿದ್ಯುತ್ ಬೇಡುವ ಕೆಲಸಗಳು ನಡುಹಗಲಿಗೆ ಕಾಯುತ್ತವೆ.

ಮಧ್ಯಾಹ್ನ ಓದು, ಹೊಲಿಗೆ, ನೆರೆಯವರೊಡನೆ ಮಾತು. ಸಂಜೆ ಊರಿನ ಹಳೆಯ ಸ್ಮಶಾನದತ್ತ ಒಂದು ನಡಿಗೆ. ಅಲ್ಲಿ ಹಾಜಿ ಅಲಿ ಎಂಬಾತನ ಸಮಾಧಿಯಿದೆ. ಅಮೆರಿಕದ ಸೇನೆ ಮರುಭೂಮಿಯಲ್ಲಿ ಸಾಮಾನು ಸಾಗಿಸಲು ಒಂಟೆಗಳನ್ನು ತರಿಸಿದಾಗ, 1856ರಲ್ಲಿ, ಒಟ್ಟೋಮನ್ ಸಾಮ್ರಾಜ್ಯದಿಂದ ಅವುಗಳೊಡನೆ ಬಂದವನು ಆತ. 1902ರಲ್ಲಿ ತೀರಿಕೊಂಡನು. ಸಮಾಧಿಯ ಮೇಲೆ 1935ರಲ್ಲಿ ಕಟ್ಟಿದ ಕಲ್ಲಿನ ಗೋಪುರದ ತುದಿಯಲ್ಲಿ ಒಂಟೆಯ ಆಕೃತಿ ನಿಂತಿದೆ. ಕಡಿಮೆ ನೀರಿನಲ್ಲಿ ಬಾಳಬಲ್ಲ ಪ್ರಾಣಿಗೆ ಸಂದ ಗೌರವವದು. ಸೂರ್ಯ ಮುಳುಗಿದ ಮೇಲೆ ಒಂದೆರಡು ದೀಪ, ಬೇಗನೆ ನಿದ್ರೆ. ದಿನ ಮುಗಿಯಿತು.

ಈ ಬದುಕನ್ನು ಪರಿಸರಸ್ನೇಹಿ ಎಂದು ಸುಲಭವಾಗಿ ಹೊಗಳಿಬಿಡುವಂತಿಲ್ಲ. ದೊಡ್ಡ ಮನೆವಾಹನ ಒಂದು ಲೀಟರ್ ಇಂಧನಕ್ಕೆ ಮೂರು–ನಾಲ್ಕು ಕಿಲೋಮೀಟರ್ ಮಾತ್ರ ಓಡುತ್ತದೆ. 300 ಕಿಲೋಮೀಟರಿನ ಒಂದೇ ಪ್ರಯಾಣ 75ರಿಂದ 100 ಲೀಟರ್ ನುಂಗುತ್ತದೆ. ಮಿತವ್ಯಯವಿರುವುದು ಅದು ನಿಂತಾಗ, ಚಲಿಸುವಾಗಲ್ಲ. ಮರುಭೂಮಿಯ ನೆಲವೂ ತುಳಿತವನ್ನು ಬೇಗ ಮರೆಯುವುದಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರಿಂದ 1944ರವರೆಗೆ, ಕ್ಯಾಲಿಫೋರ್ನಿಯಾ–ಅರಿಝೋನಾದ ಮರುಭೂಮಿಯಲ್ಲಿ ಸೇನೆ ತರಬೇತಿ ನಡೆಸಿತ್ತು. ಅಂದಿನ ಟ್ಯಾಂಕುಗಳ ಗಾಲಿಜಾಡು ಇಂದಿಗೂ ಅಲ್ಲಲ್ಲಿ ಕಾಣುತ್ತದೆ.

ಇನ್ನೊಂದು ಮಾತು. ಎಲ್ಲರೂ ಇಷ್ಟಪಟ್ಟೇ ಗಾಲಿಯ ಮೇಲೆ ಮನೆ ಮಾಡಿದವರಲ್ಲ. 2008ರ ಆರ್ಥಿಕ ಕುಸಿತದಲ್ಲಿ ಮನೆ, ಉಳಿತಾಯ ಕಳೆದುಕೊಂಡು, ಬಾಡಿಗೆಗೆ ಸಾಲದ ಪಿಂಚಣಿಯೊಡನೆ ವಾಹನ ಸೇರಿದ ಹಿರಿಯರೂ ಇದ್ದಾರೆ. ಜೆಸಿಕಾ ಬ್ರೂಡರ್ 2017ರಲ್ಲಿ ಪ್ರಕಟಿಸಿದ ‘ನೊಮ್ಯಾಡ್‌ಲ್ಯಾಂಡ್’ ಗ್ರಂಥ ಅಂಥವರನ್ನು ಕುರಿತದ್ದು. ಅದನ್ನಾಧರಿಸಿದ ಚಲನಚಿತ್ರ 2021ರಲ್ಲಿ ಶ್ರೇಷ್ಠ ಚಿತ್ರವೆಂದು ಆಸ್ಕರ್ ಪಡೆಯಿತು. ತಾನಾಗಿ ಆರಿಸಿಕೊಂಡ ಸರಳತೆ ಬೇರೆ, ಗತ್ಯಂತರವಿಲ್ಲದೆ ಹೊತ್ತ ಸರಳತೆ ಬೇರೆ. ಎರಡನೆಯದನ್ನು ಆದರ್ಶವೆಂದು ಕೊಂಡಾಡುವುದು ಅನ್ಯಾಯ.

ಹಾಗಾದರೆ ಆ ದಂಪತಿಗಳ ದಿನದಿಂದ ಕಲಿಯಬೇಕಾದುದೇನು? ಮಿತಿ ಕಣ್ಣಿಗೆ ಬಿದ್ದಾಗ ಮನುಷ್ಯ ಉಪದೇಶವಿಲ್ಲದೆಯೇ ಮಿತವಾಗಿ ಬಳಸುತ್ತಾನೆ ಎಂಬುದು. ಅದೇ ರಾಜ್ಯದ ನಗರಗಳಲ್ಲಿ ನಲ್ಲಿ ತಿರುಗಿಸಿದರೆ ನೀರು ಬರುತ್ತದೆ; ಅದರ ಹಿಂದಿನ ತೊಟ್ಟಿ ಕಾಣುವುದಿಲ್ಲ. ಆ ತೊಟ್ಟಿಯ ದೊಡ್ಡ ಭಾಗ ಕೊಲರಾಡೋ ನದಿಯೇ. 1922ರ ಒಪ್ಪಂದದಲ್ಲಿ ರಾಜ್ಯಗಳು ಹಂಚಿಕೊಂಡದ್ದು ನದಿ ಸರಾಸರಿ ಕೊಡಬಲ್ಲುದಕ್ಕಿಂತ ಹೆಚ್ಚಿನ ನೀರನ್ನು. 2021ರ ಆಗಸ್ಟ್‌ನಲ್ಲಿ ಸರ್ಕಾರ ಆ ನದಿಯ ಮೇಲೆ ಮೊದಲ ಬಾರಿಗೆ ಅಧಿಕೃತವಾಗಿ ನೀರಿನ ಕೊರತೆ ಘೋಷಿಸಿತು. 2022ರಲ್ಲಿ ಅರಿಝೋನಾದ ಪಾಲು ಶೇಕಡಾ 18ರಷ್ಟು ಕಡಿತವಾಯಿತು. ಹೆಚ್ಚಿನ ಪೆಟ್ಟು ಬಿದ್ದದ್ದು ರೈತರಿಗೆ.

ಮಲೆನಾಡಿನ ಹಿರಿಯರಿಗೆ ಇದು ಹೊಸ ಪಾಠವಲ್ಲ. ಅಡಕೆ ದಬ್ಬೆಯಲ್ಲಿ ಹರಿದು ಬರುತ್ತಿದ್ದ ಅಬ್ಬಿ ನೀರು ಸಣ್ಣದಾದರೆ ಮನೆಯವರಿಗೆಲ್ಲ ಅದು ಕಾಣುತ್ತಿತ್ತು, ಮೇಲಿನ ಕಾಡಿನ ಸ್ಥಿತಿಯೂ ತಿಳಿಯುತ್ತಿತ್ತು. ಕೊಳವೆಬಾವಿಯ ಪಂಪು ಆ ಸೂಚನೆಯನ್ನು ನೆಲದಡಿ ಮರೆಮಾಡಿದೆ.

ವಿದ್ಯಾರ್ಥಿ ಮಿತ್ರರೆ, ಬರುವ ಭಾನುವಾರ ನಿಮ್ಮ ಮನೆಯಲ್ಲಿ ಖರ್ಚಾಗುವ ನೀರನ್ನು ಕೊಡಗಳಲ್ಲಿ ಎಣಿಸಿ ಬರೆದಿಡಿ. ಅದು ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂಬುದನ್ನೂ ಬರೆಯಿರಿ. ಮಾರ್ಚಿಯಲ್ಲೊಮ್ಮೆ, ಮೇ ತಿಂಗಳಲ್ಲೊಮ್ಮೆ ಹಾಗೆಯೇ ಮಾಡಿ, ಮೂರು ಲೆಕ್ಕಗಳನ್ನೂ ಗ್ರಾಮಸಭೆಯ ಮುಂದಿಡಿ.