ಉಸಿರಿನ ಲೆಕ್ಕ ನಾವೇ ಇಡೋಣ
(ಗಿರಣಿ ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)



ಇಟಲಿಯ ಟ್ಯೂರಿನ್ ನಗರದ ಮೋಟಾರು ಕಾರ್ಖಾನೆಯ ಕಾರ್ಮಿಕರು 1960ರ ದಶಕದಲ್ಲಿ ಡಾಕ್ಟರ್ ಇವಾರ್ ಒಡ್ಡೋನೆಯವರೊಡನೆ ಕುಳಿತು, ತಮ್ಮ ರೋಗದ ಮೂಲವನ್ನು ತಾವೇ ಶೋಧಿಸಿದರು. ಸದ್ದು-ಸೆಕೆ, ಧೂಳು-ಹೊಗೆ, ಮೈದಣಿವು, ಕೆಲಸದ ವೇಗ ಎಂದು ವಿಂಗಡಿಸಿ, ಒಂದೇ ಖಾತೆಯವರೆಲ್ಲ ಒಪ್ಪಿದ್ದನ್ನು ಬರೆದಿಟ್ಟರು. ಅಪಾಯಕ್ಕೆ ಭತ್ಯೆ ಬೇಡ, ಅಪಾಯವೇ ತೊಲಗಬೇಕೆಂದರು. 1970ರ ಕಾಯಿದೆಯ 9ನೆಯ ಕಲಮು ಕಾರ್ಮಿಕ ಪ್ರತಿನಿಧಿಗಳಿಗೆ ಈ ಹಕ್ಕನ್ನು ಕೊಟ್ಟಿತು.

ಹತ್ತಿಯ ಧೂಳಿನ ರೋಗ ಮೊದಮೊದಲು ವಾರದ ರಜೆ ಮುಗಿಸಿ ಬಂದ ದಿನ ಎದೆ ಬಿಗಿಸುತ್ತದೆ, ಆಮೇಲೆ ಸಡಿಲಾಗುತ್ತದೆ. ಮೂರು ದಿನ ಬಿಟ್ಟು ಬರುವ ಡಾಕ್ಟರಿಗೆ ಅದು ಕಾಣದು. ಪಕ್ಕದ ಯಂತ್ರದವನಿಗೆ ಕಾಣುತ್ತದೆ. ಅಂಗಡಿಕಾರ ಮಿತ್ರರು ಕಾಸಿನ ಲೆಕ್ಕ ಬಿಡುವುದಿಲ್ಲ. ಉಸಿರಿನ ಲೆಕ್ಕ ನಾವೇಕೆ ಬಿಡಬೇಕು? ಖಾತೆಗೊಂದು ವಹಿ ಇಡೋಣ: ಯಾರಿಗೆ, ಯಾವ ದಿನ, ಯಾವ ಯಂತ್ರದ ಬಳಿ.