ಬಾಗಿಲು ತೆರೆಯುವ ಕೆಲಸ

(ಶಾಲೆಯ ಶತಮಾನೋತ್ಸವದ ಎರಡನೆಯ ದಿನ ಮಹಿಳಾ ಗೋಷ್ಠಿಯಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣದ ಪಠ್ಯ)



ಸಮಿತಿಯವರು ನನಗೆ ವಹಿಸಿದ ವಿಷಯ ‘ಉನ್ನತ ಶಿಕ್ಷಣ ಮತ್ತು ಮಹಿಳೆ’. ಅರ್ಧ ಗಂಟೆಯಲ್ಲಿ ಅದನ್ನು ಅಳೆಯುವ ಶಕ್ತಿ ನನಗಿಲ್ಲ. ಆದುದರಿಂದ ಆ ದೊಡ್ಡ ಮನೆಯೊಳಗಿನ ಒಂದೇ ಕೋಣೆಯ ಕುರಿತು ಮಾತನಾಡಲು ಅವರ ಅನುಮತಿ ಪಡೆದಿದ್ದೇನೆ. ವಿಶ್ವವಿದ್ಯಾನಿಲಯಗಳಲ್ಲಿ ‘ಮಹಿಳಾ ಕೇಂದ್ರ’ ಎಂಬ ಫಲಕವಿರುವ ಕೋಣೆ ಅದು. ಅದರ ಉದ್ಘಾಟನೆಯ ವಿಷಯವನ್ನು ವರದಿಗಳಲ್ಲಿ ಎಲ್ಲರೂ ಓದಬಹುದು. ಉದ್ಘಾಟನೆಯ ಮರುದಿನದಿಂದ ಅದನ್ನು ಯಾರು, ಹೇಗೆ ನಡೆಸುತ್ತಾರೆ ಎಂಬುದನ್ನು ಹೇಳುವವರು ಕಡಿಮೆ. ಎಂ.ಎ. ಮುಗಿಸಿದ ಮೇಲೆ, ಬಿ.ಎಡ್.ಗೆ ಸೇರುವ ಮುನ್ನ, ಅಂಥದೊಂದು ಕೇಂದ್ರದಲ್ಲಿ ಹತ್ತು ತಿಂಗಳು ಯೋಜನಾ ಸಹಾಯಕಿಯಾಗಿ ಕುಳಿತಿದ್ದುದರಿಂದ ಈ ವಿಷಯದಲ್ಲಿ ನನಗೆ ಸ್ವಲ್ಪ ಅಧಿಕಾರವಿದೆಯೆಂದು ಭಾವಿಸುತ್ತೇನೆ.

ಮೊದಲು ಒಂದು ಗೊಂದಲವನ್ನು ಬಿಡಿಸಬೇಕು. ಮಹಿಳಾ ಕೇಂದ್ರವೆಂಬ ಒಂದೇ ಹೆಸರಿನಡಿಯಲ್ಲಿ ಮೂರು ಬೇರೆ ಬೇರೆ ಕೆಲಸಗಳು ನಡೆಯುತ್ತವೆ. ಒಂದು, ಅಧ್ಯಯನ. ಮುಂಬಯಿಯ ಶ್ರೀಮತಿ ನಾಥೀಬಾಯಿ ದಾಮೋದರ ಠಾಕರ್ಸಿ ಮಹಿಳಾ ವಿಶ್ವವಿದ್ಯಾನಿಲಯದಲ್ಲಿ 1974ರಲ್ಲಿ ಮಹಿಳಾ ಅಧ್ಯಯನಕ್ಕೆಂದೇ ಒಂದು ಸಂಶೋಧನಾ ಘಟಕ ಆರಂಭವಾಯಿತು. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಬೆನ್ನಿಗೆ ವಿಶ್ವವಿದ್ಯಾನಿಲಯ ಅನುದಾನ ಆಯೋಗವು ಇಂಥ ಕೇಂದ್ರಗಳಿಗೆ ಹಣ ಕೊಡತೊಡಗಿತು. ಬೋಧನೆ, ಸಂಶೋಧನೆ, ಸುತ್ತಲಿನ ಸಮಾಜದೊಡನೆ ಸಂಪರ್ಕ, ಇವು ಅವುಗಳ ಹೊಣೆ. ಎರಡನೆಯದು, ದೂರುಗಳ ವಿಚಾರಣೆ. 1997ರಲ್ಲಿ ಸರ್ವೋಚ್ಚ ನ್ಯಾಯಾಲಯ ವಿಶಾಖಾ ಪ್ರಕರಣದಲ್ಲಿ ಕೊಟ್ಟ ತೀರ್ಪು, 2013ರ ಕಾಯಿದೆ, ಆಯೋಗದ 2015ರ ನಿಯಮಾವಳಿ, ಇವುಗಳಿಂದ ಅದಕ್ಕೆ ಕಾನೂನಿನ ಬಲ ಬಂದಿದೆ. ಮೂರನೆಯ ಕೆಲಸಕ್ಕೆ ನಮ್ಮಲ್ಲಿ ಸರಿಯಾದ ಹೆಸರೇ ಇಲ್ಲ. ಒಬ್ಬ ಹುಡುಗಿ ಬಂದು ಸ್ವಲ್ಪ ಹೊತ್ತು ಕುಳಿತುಕೊಳ್ಳುವುದು, ತಲೆನೋವಿಗೆ ಒಂದು ಲೋಟ ಬಿಸಿನೀರು ಕೇಳುವುದು, ವಿದ್ಯಾರ್ಥಿವೇತನದ ಅರ್ಜಿ ತುಂಬಿಸಿಕೊಳ್ಳುವುದು, ಮನೆಯಲ್ಲಿ ಮದುವೆಗೆ ಒತ್ತಾಯಿಸುತ್ತಿದ್ದಾರೆಂದು ಹೇಳಿಕೊಳ್ಳುವುದು.

ಈ ಮೂರನೆಯ ಕೆಲಸಕ್ಕೂ ಒಂದು ಚರಿತ್ರೆಯಿದೆ. ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾನಿಲಯದಲ್ಲಿ 1960ರಲ್ಲಿ ಆರಂಭವಾದ ಮಹಿಳಾ ಕೇಂದ್ರವು ಮದುವೆ, ಸಂಸಾರಗಳಿಂದ ಓದು ನಿಂತುಹೋದ ಗೃಹಿಣಿಯರನ್ನು ಮತ್ತೆ ತರಗತಿಗೆ ಕರೆತರಲೆಂದು ಹುಟ್ಟಿದುದು. ಈ ಸಭೆಯಲ್ಲಿ ಕುಳಿತಿರುವ ಎಷ್ಟೋ ತಾಯಂದಿರು ಎಸ್‌.ಎಸ್‌.ಎಲ್‌.ಸಿ.ಗೇ ಓದು ನಿಲ್ಲಿಸಿದವರೆಂಬುದನ್ನು ಶಾಲೆಯ ಹಾಜರಿ ಪುಸ್ತಕಗಳು ನನಗೆ ತಿಳಿಸುತ್ತವೆ. ಅವರನ್ನು ನೆನೆದೇ ಈ ಮಾತನ್ನು ಹೇಳಿದೆ.

ಇನ್ನು ದಿನಚರಿಗೆ ಬರುತ್ತೇನೆ. ಮಹಿಳಾ ಕೇಂದ್ರದ ಮೊದಲನೆಯ ಸಮಸ್ಯೆ ಬೀಗದ ಕೈ. ನಗಬೇಡಿ. ನಾನಿದ್ದ ಕೇಂದ್ರದಲ್ಲಿ ಕೀಲಿ ಒಬ್ಬ ಅಟೆಂಡರ್ ಬಳಿ ಮಾತ್ರ ಇತ್ತು. ಆಕೆ ರಜೆ ಹಾಕಿದ ದಿನ ನಿರ್ದೇಶಕರೂ ಸೇರಿ ನಾವೆಲ್ಲರೂ ಜಗಲಿಯಲ್ಲಿ ನಿಲ್ಲುತ್ತಿದ್ದೆವು. ನಾವು ನಿಂತದ್ದರಿಂದ ನಷ್ಟವೇನಿಲ್ಲ. ಆದರೆ ಎರಡು ದಿನ ಮನಸ್ಸಿನಲ್ಲೇ ತೂಗಿ ನೋಡಿ, ಮೂರನೆಯ ದಿನ ಧೈರ್ಯ ಮಾಡಿ ಬಂದ ಹುಡುಗಿಗೆ ಬೀಗ ಕಂಡರೆ ಆಕೆ ನಾಲ್ಕನೆಯ ದಿನ ಬರುವುದಿಲ್ಲ. ಫಲಕದ ಮೇಲೆ ಬೆಳಿಗ್ಗೆ ಹತ್ತರಿಂದ ಐದು ಎಂದು ಬರೆದಿದ್ದರೆ ಹತ್ತಕ್ಕೆ ಬಾಗಿಲು ತೆರೆದಿರಲೇಬೇಕು. ಊಟದ ವಿರಾಮದಲ್ಲಿ ಮುಚ್ಚಬಾರದು, ಏಕೆಂದರೆ ವಿದ್ಯಾರ್ಥಿನಿಯರಿಗೆ ಬಿಡುವಾಗುವುದು ಆಗಲೇ. ಇದಕ್ಕೆ ಇಬ್ಬರು ಸರದಿಯಲ್ಲಿ ಊಟ ಮಾಡಬೇಕು. ಇಬ್ಬರು ಇರಬೇಕಾದರೆ ಇಬ್ಬರಿಗೆ ಸಂಬಳ ಬೇಕು. ಈ ಸಂಬಳದ ಮಾತಿಗೆ ಆಮೇಲೆ ಮರಳುತ್ತೇನೆ.

ಎರಡನೆಯದು ರಿಜಿಸ್ಟರು. ಸರ್ಕಾರಿ ಕಚೇರಿಯ ಅಭ್ಯಾಸದಂತೆ ಬಾಗಿಲಲ್ಲೇ ಒಂದು ಪುಸ್ತಕವಿಟ್ಟು ಹೆಸರು, ತರಗತಿ, ಬಂದ ವೇಳೆ, ‘ಬಂದ ಕಾರಣ’ ಎಂದು ನಾಲ್ಕು ಅಂಕಣ ಎಳೆಯುತ್ತಾರೆ. ಆ ನಾಲ್ಕನೆಯ ಅಂಕಣವೊಂದೇ ಸಾಕು, ಕೇಂದ್ರವನ್ನು ಖಾಲಿ ಮಾಡಲು. ಹಿಂದಿನ ಸಾಲಿನಲ್ಲಿ ತನ್ನ ತರಗತಿಯ ಇನ್ನೊಬ್ಬಳು ಏನು ಬರೆದಿದ್ದಾಳೆಂಬುದನ್ನು ಓದಿದವಳು ತನ್ನ ಕಾರಣವನ್ನು ಹೇಗೆ ಬರೆದಾಳು? ಲೆಕ್ಕಕ್ಕೆ ಬೇಕಾದುದು ಸಂಖ್ಯೆ ಮಾತ್ರ. ಇಂದು ಇಷ್ಟು ಮಂದಿ ಬಂದರು ಎಂದು ಗೆರೆ ಎಳೆದರೆ ಸಾಕು. ಹೆಸರಿನೊಡನೆ ಬರೆದಿಡಲೇಬೇಕಾದುದನ್ನು ಬೇರೆ ಕಡತದಲ್ಲಿಟ್ಟು ಬೀರುವಿಗೆ ಬೀಗ ಹಾಕಬೇಕು. ದೂರುಗಳ ವಿಷಯದಲ್ಲಂತೂ ಇದು ಶಿಷ್ಟಾಚಾರವನ್ನು ಮೀರಿದ ಮಾತು. 2013ರ ಕಾಯಿದೆಯ 16ನೆಯ ಪ್ರಕರಣವು ದೂರು ಕೊಟ್ಟವರ ಹೆಸರು, ವಿಳಾಸ, ವಿಚಾರಣೆಯ ವಿವರಗಳನ್ನು ಬಹಿರಂಗಗೊಳಿಸುವುದನ್ನು ನಿಷೇಧಿಸಿದೆ. ಚಹಾ ತರುವವರಿಂದ ಕುಲಸಚಿವರವರೆಗೆ ಎಲ್ಲರೂ ಅದನ್ನು ಅರಿತಿರಬೇಕು.

ಮೂರನೆಯದು, ಯಾವ ಮಾತನ್ನು ಯಾರಿಗೆ ಒಪ್ಪಿಸಬೇಕೆಂಬ ವಿವೇಕ. ಕೇಂದ್ರದಲ್ಲಿ ಕುಳಿತವರು ನ್ಯಾಯಾಧೀಶರಲ್ಲ, ವೈದ್ಯರೂ ಅಲ್ಲ. ಆಕೆಯ ಮಾತು ಲೈಂಗಿಕ ಕಿರುಕುಳದ ದೂರಾಗಿದ್ದರೆ ಅದು ಆಂತರಿಕ ದೂರು ಸಮಿತಿಗೆ ಸೇರಿದ್ದು. ಆ ಸಮಿತಿಯ ಅಧ್ಯಕ್ಷೆ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕಿಯ ದರ್ಜೆಗಿಂತ ಕೆಳಗಿನವರಾಗಿರಕೂಡದು. ಸದಸ್ಯರಲ್ಲಿ ಕನಿಷ್ಠ ಅರ್ಧದಷ್ಟು ಮಂದಿ ಮಹಿಳೆಯರಿರಬೇಕು. ವಿದ್ಯಾರ್ಥಿಗಳಿಗೆ ಸಂಬಂಧಿಸಿದ ಪ್ರಕರಣವಾದರೆ ಮೂವರು ವಿದ್ಯಾರ್ಥಿ ಪ್ರತಿನಿಧಿಗಳಿರಬೇಕು. ಕುಲಪತಿಗಳೂ ಕುಲಸಚಿವರೂ ಅದರಲ್ಲಿ ಕೂರುವಂತಿಲ್ಲ. ಘಟನೆ ನಡೆದ ಮೂರು ತಿಂಗಳೊಳಗೆ ಲಿಖಿತ ದೂರು ಕೊಡಬೇಕು. ಸಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳ ಅವಕಾಶ ಕೊಡಬಹುದು. ವಿಚಾರಣೆ 90 ದಿನಗಳಲ್ಲಿ ಮುಗಿಯಬೇಕು. ಬರೆಯಲಾರದವಳಿಗೆ ಬರೆಯಲು ನೆರವಾಗುವುದು ಸಮಿತಿಯ ಕರ್ತವ್ಯವೇ. ಪೋಷಕರೆ, ಈ ಮೂರು ತಿಂಗಳೆಂಬ ಮಾತನ್ನು ದಯವಿಟ್ಟು ನೆನಪಿಡಿ. ನಮ್ಮ ಹೆಣ್ಣುಮಕ್ಕಳು ಹಬ್ಬಕ್ಕೆ ಊರಿಗೆ ಬಂದಾಗ ತಾಯಿಗೆ ಹೇಳೋಣವೆಂದು ಕಾಯುತ್ತಾರೆ. ಹಬ್ಬ ಬರುವಷ್ಟರಲ್ಲಿ ಅವಧಿ ಮುಗಿಯುತ್ತಾ ಬಂದಿರುತ್ತದೆ.

ಉಳಿದ ಕೆಲಸಗಳು ಮನೆಗೆಲಸದಂತೆ, ಮಾಡಿದರೆ ಕಾಣುವುದಿಲ್ಲ, ಬಿಟ್ಟರೆ ಕಾಣುತ್ತವೆ. ಸ್ಯಾನಿಟರಿ ಪ್ಯಾಡುಗಳ ದಾಸ್ತಾನು ಮುಗಿಯುವ ಮೊದಲೇ ಬೇಡಿಕೆ ಕಳುಹಿಸುವುದು, ಬಳಸಿದುದನ್ನು ವಿಲೇವಾರಿ ಮಾಡುವ ಏರ್ಪಾಡು, ಶೌಚಾಲಯದ ಚಿಲಕ, ನೀರು, 181ರ ಸಹಾಯವಾಣಿಯ ಸಂಖ್ಯೆಯನ್ನು ಗೋಡೆಯ ಮೇಲೆ ಮಾಸದಂತೆ ಬರೆಸುವುದು, ಮುಂಗಡ ಹಣಕ್ಕೆ ವೋಚರು, ಮಾರ್ಚ್ 31ರೊಳಗೆ ಬಳಕೆ ಪ್ರಮಾಣಪತ್ರ. ಒಂದು ಮಾತನ್ನು ಮಾತ್ರ ಸ್ವಲ್ಪ ಖಾರವಾಗಿಯೇ ಹೇಳುತ್ತೇನೆ. ಎಷ್ಟೋ ಕಡೆ ವರ್ಷದ ಹಣದ ದೊಡ್ಡ ಪಾಲು ಮಾರ್ಚ್ 8ರ ಸಮಾರಂಭದ ಹಾರ, ಶಾಲು, ಊಟಗಳಿಗೆ ಸಲ್ಲುತ್ತದೆ. ಏಪ್ರಿಲ್ ತಿಂಗಳಲ್ಲಿ ಪರೀಕ್ಷೆಯ ಆತಂಕದಿಂದ ಹುಡುಗಿಯರು ಹೆಚ್ಚಾಗಿ ಬರುವಾಗ ಆಪ್ತಸಲಹೆಗಾರ್ತಿಯ ಗೌರವಧನಕ್ಕೆ ಹಣವಿರುವುದಿಲ್ಲ.

ಈಗ ಸಂಬಳದ ಮಾತು. ಮಹರ್ಷಿ ಧೋಂಡೊ ಕೇಶವ ಕರ್ವೆಯವರು ಭಾರತದ ಮೊದಲ ಮಹಿಳಾ ವಿಶ್ವವಿದ್ಯಾನಿಲಯವನ್ನು 1916ರಲ್ಲಿ ತೆರೆದರು. ನಮ್ಮ ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿದುದೂ ಅದೇ ವರ್ಷ. ಕರ್ವೆಯವರಲ್ಲಿದ್ದವರು ಐದೇ ಮಂದಿ ವಿದ್ಯಾರ್ಥಿನಿಯರು. ಬೋಧನೆ ಮಾತೃಭಾಷೆಯಲ್ಲಿ. ಕನ್ನಡ ಮಾಧ್ಯಮದ ಶಾಲೆಯ ಶತಮಾನೋತ್ಸವದಲ್ಲಿ ಇದನ್ನು ನೆನೆಯುವುದು ಉಚಿತ. 1920ರಲ್ಲಿ ಸರ್ ವಿಠ್ಠಲದಾಸ ಠಾಕರ್ಸಿಯವರು ತಮ್ಮ ತಾಯಿಯ ಹೆಸರಿನಲ್ಲಿ 15 ಲಕ್ಷ ರೂಪಾಯಿಗಳ ದಾನವನ್ನು ಘೋಷಿಸಿದರು. ಆ ದಾನದ ಸ್ವರೂಪ ಗಮನಿಸಬೇಕಾದುದು. ವರ್ಷಕ್ಕೆ 52,500 ರೂಪಾಯಿಗಳ ಬಡ್ಡಿ ತಪ್ಪದೆ ಬರುವ ವ್ಯವಸ್ಥೆ ಅದರ ಹಿಂದಿತ್ತು. ಅಧ್ಯಾಪಕರಿಗೆ ಈ ತಿಂಗಳ ಸಂಬಳವೂ ಬರುತ್ತದೆ, ಮುಂದಿನ ತಿಂಗಳದೂ ಬರುತ್ತದೆ ಎಂಬ ಭರವಸೆಯನ್ನು ಆ ತಾಯಿಯ ಹೆಸರು ಕೊಟ್ಟಿತು. ಕಟ್ಟಡಕ್ಕೆ ದಾನ ಕೊಡುವವರು ಬಹಳ ಮಂದಿ ಸಿಗುತ್ತಾರೆ, ಅವರಿಗೆ ಕಲ್ಲಿನಲ್ಲಿ ಹೆಸರು ಬರೆಯಬಹುದು. ಕಸ ಗುಡಿಸುವಾಕೆಯ ತಿಂಗಳ ಕೂಲಿಗೆ ಕಲ್ಲು ನೆಡುವವರಾರು?

ನಮ್ಮ ಬೆಟ್ಟದ ಮಕ್ಕಳಿಗೆ ಇದರಿಂದ ಆಗಬೇಕಾದುದೇನು? ತಾಳವಾಡಿಯಲ್ಲೇ ಈಗ ಸರ್ಕಾರಿ ಕಲಾ ಮತ್ತು ವಿಜ್ಞಾನ ಕಾಲೇಜು ಬಂದಿದೆ, ಸಂತೋಷ. ಅದರ ಆಚೆಗೆ ಓದಬೇಕಾದವರು ಕೊಯಮತ್ತೂರು, ಈರೋಡಿನತ್ತ ಇಳಿಯುತ್ತಾರೆ, ಇಲ್ಲವೆ ಚಾಮರಾಜನಗರ, ಮೈಸೂರಿನತ್ತ ಹೋಗುತ್ತಾರೆ. ಕೆಳಕ್ಕೆ ಇಳಿದವಳಿಗೆ ನೋಟಿಸುಗಳು ತಮಿಳಿನಲ್ಲಿ ಮತ್ತು ಇಂಗ್ಲಿಷಿನಲ್ಲಿ. ನಮ್ಮ ಮಕ್ಕಳು ತಮಿಳನ್ನು ಓದಬಲ್ಲರು, ಬರೆಯಬಲ್ಲರು. ಆದರೆ ಅವಮಾನವಾದಾಗ, ಹೆದರಿದಾಗ ಬಾಯಿಗೆ ಬರುವುದು ಮನೆಯ ಮಾತು. ಮೈಸೂರಿಗೆ ಹೋದವಳಿಗೆ ಭಾಷೆ ತನ್ನದೇ, ಕಾಗದಪತ್ರಗಳು ಮಾತ್ರ ಬೇರೆ ರಾಜ್ಯದವು. ವಿದ್ಯಾರ್ಥಿವೇತನದ ಕಿಟಕಿಯಲ್ಲಿ ಆಕೆ ಹೊರನಾಡಿನವಳು. 1956ರಲ್ಲಿ ಗಡಿ ಎಳೆದವರು ಇವಳನ್ನು ಕಂಡಿರಲಿಲ್ಲ. ಇನ್ನು ಅವಸರಕ್ಕೆ ಊರಿಗೆ ಹೊರಡೋಣವೆಂದರೆ ದಿಂಬಂನ 27 ತಿರುವುಗಳಲ್ಲಿ 2022ರಿಂದ ರಾತ್ರಿ ಸಂಚಾರಕ್ಕೆ ನಿರ್ಬಂಧವಿದೆ. ಕಾಡಿನ ಪ್ರಾಣಿಗಳಿಗೆ ಅದು ಒಳ್ಳೆಯದೇ, ನಾನು ಆಕ್ಷೇಪಿಸುವುದಿಲ್ಲ. ಆದರೆ ಆ ರಾತ್ರಿ ಹುಡುಗಿ ಹಾಸ್ಟೆಲಿನಲ್ಲೇ ಕಳೆಯಬೇಕು, ಬೆಳಗಾದರೆ ಹೋಗಿ ಕುಳಿತುಕೊಳ್ಳಲು ಆಕೆಗೆ ಒಂದು ತೆರೆದ ಬಾಗಿಲು ಬೇಕು.

ಓದನ್ನು ಅರ್ಧಕ್ಕೇ ಬಿಟ್ಟು ಹಿಂದಿರುಗಿದ ನಮ್ಮ ಹಳೆಯ ವಿದ್ಯಾರ್ಥಿನಿಯರನ್ನು ಕರೆಸಿ ಮಾತನಾಡಿಸುವುದು ನನ್ನ ರೂಢಿ. ಹೆಚ್ಚಿನವರು ಪಾಠ ಕಷ್ಟವಾಯಿತೆಂದು ಹೇಳುವುದಿಲ್ಲ. ‘ಯಾರನ್ನು ಕೇಳಬೇಕೋ ಗೊತ್ತಾಗಲಿಲ್ಲ ಟೀಚರ್’ ಎನ್ನುತ್ತಾರೆ. ಅವರಲ್ಲಿ ಒಬ್ಬಳು ಓದುತ್ತಿದ್ದ ಕಡೆ ಮಹಿಳಾ ಕೇಂದ್ರವಿತ್ತು, ಆಕೆಯ ತರಗತಿಯ ಕೆಳಗಿನ ಮಹಡಿಯಲ್ಲೇ. ಅದು ಅಧ್ಯಾಪಕಿಯರ ಕಚೇರಿಯೆಂದು ಆಕೆ ಭಾವಿಸಿದ್ದಳಂತೆ.

ಆದಕಾರಣ ಬಾಗಿಲೊಳಗೆ ಹೋಗುವ ಅಭ್ಯಾಸ ಇಲ್ಲಿಂದಲೇ ಆಗಬೇಕೆಂದು ನಮ್ಮ ಶಾಲೆಯ ಉತ್ತರದ ಸಾಲಿನ ಹಳೆಯ ಉಗ್ರಾಣವನ್ನು ಹೆಣ್ಣುಮಕ್ಕಳ ಕೋಣೆಯಾಗಿ ಮಾಡಲು ಶಿಕ್ಷಕರ ಸಭೆಯಲ್ಲಿ ನಿರ್ಣಯಿಸಿದ್ದೇವೆ. ಮೇಲೆ ಹೇಳಿದ ಕ್ರಮವೆಲ್ಲ ಇಲ್ಲಿಗೂ ಅನ್ವಯಿಸುತ್ತದೆ, ಒಂದು ದೊಡ್ಡ ವ್ಯತ್ಯಾಸದೊಡನೆ. ವಿಶ್ವವಿದ್ಯಾನಿಲಯದಲ್ಲಿ ಬಂದವಳು ವಯಸ್ಕಳು, ದೂರು ಕೊಡಬೇಕೋ ಬೇಡವೋ ಎಂಬುದನ್ನು ಆಕೆಯೇ ತೀರ್ಮಾನಿಸಬಹುದು. ನಮ್ಮಲ್ಲಿರುವವರು 18 ವರ್ಷದೊಳಗಿನ ಮಕ್ಕಳು. 2012ರ ಪೋಕ್ಸೊ ಕಾಯಿದೆಯ 19ನೆಯ ಪ್ರಕರಣದ ಪ್ರಕಾರ ಅಪರಾಧ ನಡೆದಿದೆಯೆಂದು ತಿಳಿದವರು ಪೊಲೀಸರಿಗೆ ವರದಿ ಮಾಡಲೇಬೇಕು. ಸಂಸ್ಥೆಯ ಮುಖ್ಯಸ್ಥರು ತಮ್ಮ ಅಧೀನದವರ ಅಪರಾಧವನ್ನು ವರದಿ ಮಾಡದಿದ್ದರೆ ಒಂದು ವರ್ಷದವರೆಗೆ ಸೆರೆವಾಸವುಂಟು. ಆದುದರಿಂದ ‘ಯಾರಿಗೂ ಹೇಳುವುದಿಲ್ಲ’ ಎಂದು ನಮ್ಮ ಶಿಕ್ಷಕಿಯರು ಮಗುವಿಗೆ ಮಾತು ಕೊಡಕೂಡದು. ‘ಹೇಳಬೇಕಾದವರಿಗಷ್ಟೇ ಹೇಳುತ್ತೇನೆ, ನಿನ್ನ ಜೊತೆಯಲ್ಲಿರುತ್ತೇನೆ’ ಎನ್ನಬಹುದು. ಶಾಲೆಯ ಮರ್ಯಾದೆ, ಊರಿನ ಮರ್ಯಾದೆ ಎಂದು ನನ್ನ ಬಳಿ ಮಾತುಕತೆಗೆ ಬರುವ ಹಿರಿಯರಿಗೆ ಇದನ್ನು ಈಗಲೇ ತಿಳಿಸಿರುವುದು ಒಳ್ಳೆಯದು.

ಹಳೆಯ ವಿದ್ಯಾರ್ಥಿಗಳಲ್ಲಿ ನನ್ನದೊಂದು ಬೇಡಿಕೆ. ಆ ಕೋಣೆಗೆ ಗ್ರಾನೈಟ್ ಹಾಸುತ್ತೇವೆಂದು ಇಬ್ಬರು ಮುಂದೆ ಬಂದಿದ್ದಾರೆ. ಅವರಿಗೆ ಕೃತಜ್ಞತೆಗಳು. ಈಗಿರುವ ಸಿಮೆಂಟು ನೆಲ ಚೆನ್ನಾಗಿದೆ. ನಮಗೆ ಬೇಕಾದುದು ಊರಿನದೇ ಒಬ್ಬ ಹೆಣ್ಣುಮಗಳಿಗೆ ದಿನಕ್ಕೆ ಐದು ಗಂಟೆಯ ಕೆಲಸಕ್ಕೆ ತಿಂಗಳ ಸಂಬಳ, ಪ್ಯಾಡುಗಳ ಖರ್ಚು, ವಾರಕ್ಕೊಮ್ಮೆ ಬರುವ ದಾದಿಯ ಬಸ್ಸಿನ ಹಣ. ಬ್ಯಾಂಕಿನಲ್ಲಿ ಠೇವಣಿಯಿಟ್ಟು ಬಡ್ಡಿಯಿಂದ ಇದನ್ನು ನಡೆಸುವ ಯೋಜನೆಯ ಪ್ರತಿ ಕಚೇರಿಯಲ್ಲಿದೆ. ಕೊಯಮತ್ತೂರು, ಮೈಸೂರುಗಳಲ್ಲಿ ಉದ್ಯೋಗದಲ್ಲಿರುವ ಸೋದರಿಯರು ಹಣ ಕೊಡದಿದ್ದರೂ ತಮ್ಮ ದೂರವಾಣಿ ಸಂಖ್ಯೆಯನ್ನು ನಮ್ಮಲ್ಲಿ ಬಿಟ್ಟುಹೋಗಲಿ. ಆ ಊರುಗಳಿಗೆ ಹೋಗುವ ಪ್ರತಿಯೊಬ್ಬ ಹುಡುಗಿಗೂ ಕನ್ನಡದಲ್ಲಿ ಮಾತನಾಡುವ ಒಂದು ಸಂಖ್ಯೆಯನ್ನು ಬರೆದು ಕೊಟ್ಟು ಕಳುಹಿಸುತ್ತೇವೆ.

ಜೂನ್ ತಿಂಗಳಲ್ಲಿ ಶಾಲೆ ಆರಂಭವಾಗುವ ದಿನವೇ ಕೋಣೆ ತೆರೆಯುತ್ತದೆ, ಉದ್ಘಾಟನೆಯಿಲ್ಲ. ಒಂದು ಕೀಲಿ ಕಚೇರಿಯಲ್ಲಿರುತ್ತದೆ. ಎರಡನೆಯ ಕೀಲಿ ಯಾವ ತಾಯಿಯ ಬಳಿ ಇರಬೇಕೆಂಬುದನ್ನು ಬರುವ ಪೋಷಕರ ಸಭೆಯಲ್ಲಿ ತೀರ್ಮಾನಿಸೋಣ. ತಾವೆಲ್ಲರೂ ತಪ್ಪದೆ ಬರಬೇಕೆಂದು ಕೋರುತ್ತೇನೆ.