ಮಗಳ ಕಿವಿಗೆ ತಾಯಿಯ ಬೆರಳು

(ಸಹಕಾರನಗರದ ನಿವಾಸಿಗಳ ಮುಂದೆ ಆಡಿದ ಮಾತಿನ ಬರಹರೂಪ)



ಕಿವಿ ಚುಚ್ಚಿಸಿಕೊಂಡ ದಿನ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಿಲ್ಲ. ಸೋದರಮಾವನ ತೊಡೆಯ ಮೇಲೆ ಕೂತದ್ದು, ಕಿರುಚಿದ್ದು, ಬಾಯಿಗೆ ಬೆಲ್ಲ ಹಾಕಿದ್ದು ಎಲ್ಲವೂ ಅಮ್ಮ ಹೇಳಿಯೇ ಗೊತ್ತು. ಆದರೆ ಈ ಯಲಹಂಕ ಸೀಮೆಯಲ್ಲಿ ಒಂದು ಕಾಲಕ್ಕೆ ಮಗಳ ಕಿವಿ ಚುಚ್ಚಬೇಕಾದರೆ ತಾಯಿ ತನ್ನ ಎರಡು ಬೆರಳುಗಳ ತುದಿ ಕೊಡಬೇಕಿತ್ತು ಎಂದರೆ ನಂಬುತ್ತೀರಾ?

ಚುಚ್ಚುವ ಪದ್ಧತಿ ಹಳೆಯದು. ಹದಿನಾರು ಸಂಸ್ಕಾರಗಳಲ್ಲಿ ಕರ್ಣವೇಧವೂ ಒಂದು. ಸುಶ್ರುತ ಸಂಹಿತೆ ಅದಕ್ಕೆ ಎರಡು ಕಾರಣ ಕೊಡುತ್ತದೆ: ರಕ್ಷಣೆ ಮತ್ತು ಅಲಂಕಾರ. ಆರನೆಯ ಅಥವಾ ಏಳನೆಯ ತಿಂಗಳಲ್ಲಿ, ಮಗುವನ್ನು ಆಟಿಕೆಗಳಿಂದ ರಮಿಸುತ್ತ, ಬಿಸಿಲು ಹಾಯುವ ತೆಳುವಾದ ಜಾಗ ನೋಡಿ ಚುಚ್ಚಬೇಕಂತೆ. ಹರಿದ ಹಾಲೆಯನ್ನು ಕೂಡಿಸಲು 15 ವಿಧಾನಗಳನ್ನೂ ಹೇಳಿದೆ. ಓಲೆಯ ಭಾರ ಆಗಲೂ ಕಡಿಮೆಯೇನಿರಲಿಲ್ಲ! ಮೂಗುತಿ ಮಾತ್ರ ಅಷ್ಟು ಹಳೆಯದಲ್ಲ. 1117ರಲ್ಲಿ ಪ್ರತಿಷ್ಠೆಯಾದ ಬೇಲೂರು ದೇವಾಲಯದ ಮದನಿಕೆಯರ ಕಿವಿ ತುಂಬ ಆಭರಣ, ಮೂಗು ಬರಿದು.

ಈಗ ನಮ್ಮ ಸೀಮೆಗೆ ಬರೋಣ. ಬೆಂಗಳೂರು, ಕೋಲಾರ ಭಾಗದ ಮೊರಸು ಒಕ್ಕಲಿಗರ ಒಂದು ಪಂಗಡದಲ್ಲಿ 'ಬಂಡಿ ದೇವರು' ಎಂಬ ಆಚರಣೆಯಿತ್ತು. ಹಿರಿಯ ಮಗಳ ಕಿವಿ ಚುಚ್ಚುವ ಮೊದಲು ತಾಯಿಯ ಉಂಗುರಬೆರಳು ಮತ್ತು ಕಿರುಬೆರಳಿನ ತುದಿಗೆಣ್ಣುಗಳನ್ನು ಊರ ಕಮ್ಮಾರ ಉಳಿಯಿಂದ ಕತ್ತರಿಸುತ್ತಿದ್ದ. ಮೈಸೂರಿನ ಇತಿಹಾಸ ಬರೆದ ಕರ್ನಲ್ ಮಾರ್ಕ್ ವಿಲ್ಕ್ಸ್ ಇದನ್ನು ದಾಖಲಿಸಿದ್ದಾನೆ.

ಇದಕ್ಕೊಂದು ಕಥೆಯುಂಟು. ವರ ಕೊಟ್ಟ ರಾಕ್ಷಸನಿಗೇ ಹೆದರಿ ಶಿವ ಹೊಲದಲ್ಲಿ ಅಡಗಿದ. ಅಟ್ಟಿಸಿಕೊಂಡು ಬಂದ ರಾಕ್ಷಸನಿಗೆ ರೈತ ಬಾಯಿಬಿಟ್ಟು ಹೇಳಲಿಲ್ಲ, ಬೆರಳು ತೋರಿಸಿದ. ಆಮೇಲೆ ಶಿವ ಆ ಬೆರಳನ್ನೇ ತೆಗೆಯಲು ಹೊರಟಾಗ, ಹೊಲಕ್ಕೆ ಊಟ ತಂದ ಹೆಂಡತಿ ಅಡ್ಡ ಬಂದಳು: ಗಂಡನ ಬೆರಳು ಹೋದರೆ ಉಳುವವರಾರು? ಒಂದರ ಬದಲು ನನ್ನವೆರಡನ್ನು ತೆಗೆದುಕೋ. ಕೋಲಾರದ ಸೀತಿ ಬೆಟ್ಟದೊಡನೆ ಈ ಕಥೆ ಹೆಣೆದುಕೊಂಡಿದೆ. ತಪ್ಪು ಮಾಡಿದವನು ಗಂಡ, ದಂಡ ತೆತ್ತವಳು ಹೆಂಡತಿ, ಆಮೇಲೆ ಅವಳ ಹೆಣ್ಣುಮಕ್ಕಳು!

ಈ ಪದ್ಧತಿಯನ್ನು ನಿಲ್ಲಿಸಿದವರು ಯಲಹಂಕದ ನಾಡಪ್ರಭು ಕೆಂಪೇಗೌಡರು ಎಂಬುದು ನಾವೆಲ್ಲ ಕೇಳಿರುವ ಮಾತು. ಅವರೂ ಅದೇ ಸಮುದಾಯದವರು. ಆದರೆ ಕೆಂಪೇಗೌಡರದು 16ನೇ ಶತಮಾನ. ವಿಲ್ಕ್ಸನ ಮೊದಲ ಸಂಪುಟ ಅಚ್ಚಾದದ್ದು 1810ರಲ್ಲಿ. ಎರಡೂ ನಿಜವಿರಬಹುದು. ಒಡೆಯನ ಅಪ್ಪಣೆ ಎಲ್ಲ ಹಳ್ಳಿಗಳನ್ನು ಮುಟ್ಟದೆ ಇರಬಹುದು, ಮುಟ್ಟಿಯೂ ಪದ್ಧತಿ ಮತ್ತೆ ಚಿಗುರಿರಬಹುದು. ಮುಂದೆ ಸರ್ಕಾರವೂ ನಿಷೇಧಿಸಿತು. ಆಗ ಜನ ಬೆರಳ ತುದಿಗೆ ಚಿನ್ನದ ಅಥವಾ ಬೆಳ್ಳಿಯ ತೊಡವು ಹಾಕಿ ಎಳೆದು ತೆಗೆದರು. ದೇವರೇನೂ ಮುನಿಯಲಿಲ್ಲ.

ಹಾಗಾದರೆ ಮಾರಮ್ಮನ ಜಾತ್ರೆಯಲ್ಲಿ ಕೆನ್ನೆಗೆ ಸರಳು ಚುಚ್ಚಿಕೊಳ್ಳುವ ಬಾಯಿಬೀಗವನ್ನೂ ನಿಲ್ಲಿಸಬೇಕೆ ಎಂದು ನೀವು ಕೇಳಬಹುದು. ನನಗೆ ಹಾಗನ್ನಿಸುವುದಿಲ್ಲ. ಹರಕೆ ಹೊತ್ತವರು ವಯಸ್ಸಿಗೆ ಬಂದವರು, ನೋವು ಅವರದೇ. ಬಂಡಿ ದೇವರ ಮುಂದೆ ಕೈಯೊಡ್ಡಿದ ತಾಯಿಗೆ ಒಲ್ಲೆ ಎನ್ನುವ ದಾರಿಯಿರಲಿಲ್ಲ.

ಒಲ್ಲೆ ಎನ್ನಲಾಗದ ಇನ್ನೊಬ್ಬರು ಮಕ್ಕಳು. ಅವರ ಕಿವಿ ಚುಚ್ಚಿಸುವಾಗ ಹೊಸ ಸೂಜಿಯನ್ನೇ ಕೇಳಿ. ಬ್ಯೂಟಿ ಪಾರ್ಲರುಗಳ ಪ್ಲಾಸ್ಟಿಕ್ ಗನ್ನನ್ನು ಆಸ್ಪತ್ರೆಯ ಉಪಕರಣಗಳಂತೆ ಹಬೆಯಲ್ಲಿಟ್ಟು ಶುದ್ಧಿ ಮಾಡಲು ಬರುವುದಿಲ್ಲ. ಒಬ್ಬರ ರಕ್ತದ ಸೋಂಕು ಇನ್ನೊಬ್ಬರಿಗೆ ದಾಟಬಹುದು.